ಊರು ಬಿಟ್ಟರೂ ಸರ್ವರ್ ಬಿಡದು

ಬಾಲಿ ದ್ವೀಪದಲ್ಲಿ ವರ್ಷಕ್ಕೊಂದು ದಿನ ಎಲ್ಲವೂ ಬಂದ್. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ದೀಪ ಹಚ್ಚುವಂತಿಲ್ಲ, ಬೀದಿಗಿಳಿಯುವಂತಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗರು ಹೋಟೆಲಿನ ಗೇಟು ದಾಟಿದರೆ ಪೆಚಲಾಂಗ್ ಎಂಬ ಊರ ಕಾವಲಿನವರು ಮರಳಿ ಒಳಗೆ ಕಳಿಸುತ್ತಾರೆ. ನ್ಯೆಪಿ ಎಂದು ಇದರ ಹೆಸರು. ಶಕ ಸಂವತ್ಸರದ ಹೊಸ ವರ್ಷ. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ರಂದು ಒಟ್ಟಿಗೇ ಬಂದಿದ್ದವು. ನಾವು ಒಬ್ಬಟ್ಟು ತಿಂದು ಹಬ್ಬ ಮಾಡಿದೆವು, ಅವರು ಉಪವಾಸವಿದ್ದು ಮೌನ ಹಿಡಿದರು. 2018ರಿಂದ ಆ ದಿನ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುವ ರೂಢಿ ಶುರುವಾಗಿದೆ.

ದ್ವೀಪದವರಿಗೆ ಇದರಿಂದ ಏನೂ ಮುಳುಗುವುದಿಲ್ಲ. ಅಂದು ಚಡಪಡಿಸುವವರು ಬೇರೆ. ಚಂಗು, ಉಬುದ್ ಕಡೆ ತಿಂಗಳ ಬಾಡಿಗೆಗೆ ಕೋಣೆ ಹಿಡಿದು, ಅಲ್ಲಿಂದಲೇ ಯಾವುದೋ ದೂರದೇಶದ ಗಿರಾಕಿಗೆ ಕೆಲಸ ಮಾಡಿಕೊಡುವ ಲ್ಯಾಪ್‌ಟಾಪ್ ಜೀವಿಗಳು. ಅವರಲ್ಲಿ ಜಾಲತಾಣ ಕಟ್ಟುವವರದು ಹಳೆಯ ಪಂಗಡ. ಗಿರಾಕಿ ಇರುವುದು ಆಮ್‌ಸ್ಟರ್‌ಡ್ಯಾಮಿನಲ್ಲೋ ಮೆಲ್ಬರ್ನಿನಲ್ಲೋ. ಅವನ ಪಾಲಿಗೆ ಅದು ಬರೀ ಒಂದು ಬುಧವಾರ. ಅವನ ಅಂಗಡಿಯ ಜಾಲತಾಣ ಮಧ್ಯಾಹ್ನ ಎರಡಕ್ಕೆ ಕೈಕೊಟ್ಟರೆ ಬಾಲಿಯ ಮೌನವ್ರತದ ಕತೆ ಕೇಳುವ ತಾಳ್ಮೆ ಅವನಿಗಿರುವುದಿಲ್ಲ. ಹಾಗಾಗಿ ಅನುಭವಸ್ಥರು ನ್ಯೆಪಿಗೆ ಮುಂಚೆಯೇ ಪಕ್ಕದ ಲೊಂಬೊಕ್‌ಗೋ ಗಿಲಿ ದ್ವೀಪಗಳಿಗೋ ದೋಣಿ ಹತ್ತುತ್ತಾರೆ. ಇಲ್ಲವೇ ಆ ದಿನವೂ ವೈಫೈ ಇರುವ ಹೋಟೆಲ್ ಯಾವುದೆಂದು ಮೊದಲೇ ವಿಚಾರಿಸಿ ಇಟ್ಟುಕೊಂಡಿರುತ್ತಾರೆ.

ಸ್ವತಂತ್ರ ವೆಬ್ ಡಿಸೈನರ್ ಎಂದೊಡನೆ ಜನರ ಕಣ್ಣಮುಂದೆ ಬರುವುದು ಸಮುದ್ರದ ದಂಡೆ, ಎಳನೀರು, ತೊಡೆಯ ಮೇಲೊಂದು ಲ್ಯಾಪ್‌ಟಾಪ್. ಅಲ್ಲಿ ಫೋಟೊ ತೆಗೆಯಬಹುದು, ಕೆಲಸ ಮಾತ್ರ ಆಗುವುದಿಲ್ಲ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಕೀಲಿಮಣೆಯ ಸಂದಿಗೆ ಮರಳು ಹೋಗುತ್ತದೆ. ಇದೇ ಕಸುಬಿನಿಂದ ಅನ್ನ ತಿನ್ನುವವನಾಗಿ ನಾನು ಕಂಡುಕೊಂಡದ್ದಿಷ್ಟು: ನಮ್ಮಂಥವರು ತಿರುಗಾಡುವುದು ಸಾಧ್ಯವಾಗುವುದು ಕೆಲವು ಬೇಸರದ ಏರ್ಪಾಡುಗಳಿಂದ. ಕರಾರುಪತ್ರ, ಬ್ಯಾಕಪ್, ಬ್ಯಾಂಕಿನ ಕಾಗದ, ನವೀಕರಣದ ತಾರೀಕು ಬರೆದಿಟ್ಟ ಒಂದು ಪಟ್ಟಿ. ಇವು ಸರಿಯಿದ್ದವನು ಎಲ್ಲಿಗಾದರೂ ಹೋದಾನು. ಸರಿಯಿಲ್ಲದವನು ಮನೆಯಲ್ಲೇ ಕೂತಿದ್ದರೂ ಸುಖವಾಗಿರಲಾರ.

ಸೈಕಲ್ ಮೇಲೊಂದು ಕಚೇರಿ

ಈ ಬಗೆಯ ಬದುಕು ವೆಬ್‌ಗಿಂತ ಹಳೆಯದು. 1983ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸ್ಟೀವನ್ ರಾಬರ್ಟ್ಸ್ ಎಂಬ ಸ್ವತಂತ್ರ ಬರಹಗಾರ, ಎಂಜಿನಿಯರಿಂಗ್ ಸಲಹೆಗಾರ, ಇದ್ದ ಮನೆಯನ್ನು ಮಾರಿ ಸೈಕಲ್ ಹತ್ತಿದ. ಬೆನ್ನು ಒರಗಿಸಿ ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ ಅದು. ಅದರ ಮೇಲೆ ಸೌರ ಫಲಕ, ಚೀಲದಲ್ಲಿ ರೇಡಿಯೊ ಶಾಕ್ ಕಂಪನಿಯ ಮಾಡೆಲ್ 100 ಎಂಬ ಪುಟ್ಟ ಕಂಪ್ಯೂಟರ್. ಆ ಯಂತ್ರದ ಪರದೆಯಲ್ಲಿ ಕಾಣುತ್ತಿದ್ದದ್ದು 8 ಸಾಲು, ಸಾಲಿಗೆ 40 ಅಕ್ಷರ; ಓಡುತ್ತಿದ್ದದ್ದು ನಾಲ್ಕು ಪೆನ್‌ಟಾರ್ಚ್ ಸೆಲ್‌ಗಳ ಮೇಲೆ. ದಾರಿಬದಿಯ ಟೆಲಿಫೋನ್ ಬೂತಿನಿಂದ ಕಂಪ್ಯುಸರ್ವ್ ಜಾಲಕ್ಕೆ ಸಂಪರ್ಕ ಕೊಟ್ಟು ಲೇಖನ ಕಳಿಸುತ್ತಿದ್ದ. ಮೊದಲ ಪಯಣದಲ್ಲೇ ಸುಮಾರು 16 ಸಾವಿರ ಕಿಲೊಮೀಟರ್ ತುಳಿದ. ಆಮೇಲೆ ಕಟ್ಟಿದ, ಹ್ಯಾಂಡಲ್‌ನಲ್ಲೇ ಕೀಲಿಮಣೆ ಇದ್ದ ದೈತ್ಯ ಸೈಕಲ್ಲಿನ ತೂಕ ಸುಮಾರು 260 ಕಿಲೊ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಅದು ಈಗಲೂ ಇದೆ.

ರಾಬರ್ಟ್ಸ್‌ನ ಕತೆ ಹೇಳುವವರು ಸೈಕಲ್ಲಿನ ಬಗ್ಗೆಯೇ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವನು ಊರೂರು ಸುತ್ತುತ್ತಿದ್ದಾಗ ಒಹಾಯೊದಲ್ಲಿ ಅವನ ಕಚೇರಿ ನೋಡಿಕೊಳ್ಳಲು ಒಬ್ಬರಿದ್ದರು. ಟಪಾಲು ತೆರೆಯುವುದು, ಪತ್ರಿಕೆಗಳ ಜತೆ ವ್ಯವಹರಿಸುವುದು, ಹಣದ ಲೆಕ್ಕ ಎಲ್ಲವೂ ಅಲ್ಲಿ. ಒಬ್ಬ ತುಳಿಯುತ್ತಿರಬೇಕಾದರೆ ಇನ್ನೊಬ್ಬರು ಕುರ್ಚಿಯಲ್ಲಿ ಕೂತಿರಲೇಬೇಕಾಯಿತು.

1997ರಲ್ಲಿ ಜಪಾನಿನ ಸೆಮಿಕಂಡಕ್ಟರ್ ತಜ್ಞ ಟ್ಸುಗಿಯೊ ಮಾಕಿಮೊಟೊ, ಬ್ರಿಟನ್ನಿನ ಪತ್ರಕರ್ತ ಡೇವಿಡ್ ಮ್ಯಾನರ್ಸ್ ಸೇರಿ ‘ಡಿಜಿಟಲ್ ನೊಮ್ಯಾಡ್’ ಎಂಬ ಪುಸ್ತಕ ಬರೆದರು. ಉಪಕರಣಗಳು ಚಿಕ್ಕದಾಗಿ, ಸಂಪರ್ಕ ಅಗ್ಗವಾದರೆ ಮನುಷ್ಯ ಮತ್ತೆ ಅಲೆಮಾರಿಯಾಗಬಲ್ಲ ಎಂಬುದು ಅವರ ವಾದ. ಆ ಹೊತ್ತಿಗೆ ವೆಬ್ ಹುಟ್ಟಿ ಕೆಲವೇ ವರ್ಷವಾಗಿತ್ತು. ಟಿಮ್ ಬರ್ನರ್ಸ್-ಲೀ ಅದನ್ನು ಕಟ್ಟಿದ್ದು ಜಿನೀವಾದ ಸರ್ನ್ ಸಂಸ್ಥೆಯಲ್ಲಿ. 1993ರ ಏಪ್ರಿಲ್ 30ರಂದು ಆ ಸಂಸ್ಥೆ, ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಲಿ, ರಾಯಧನ ಬೇಡ ಎಂದು ಬರೆದುಕೊಟ್ಟಿತು. ನಮ್ಮ ಕಸುಬಿನ ಮೂಲ ಪತ್ರ ಅದೇ. ಪರವಾನಗಿ ಬೇಡ, ಪದವಿ ಬೇಡ, ದೊಡ್ಡ ಯಂತ್ರ ಬೇಡ. ಶಿರಸಿಯ ಹುಡುಗಿಯೊಬ್ಬಳು ಎಚ್‌ಟಿಎಂಎಲ್ ಕಲಿತು ನಾಳೆಯೇ ಪುಟವೊಂದನ್ನು ಲೋಕಕ್ಕೆ ತೋರಿಸಬಲ್ಲಳು. ವಕೀಲರಿಗೆ, ವೈದ್ಯರಿಗೆ, ಲೆಕ್ಕಪರಿಶೋಧಕರಿಗೆ ಇಲ್ಲದ ಸವಲತ್ತು ಇದು. ಇದೇ ಕಾರಣಕ್ಕೆ ಅವರಿಗಿರುವ ಬೇಲಿಯೂ ನಮಗಿಲ್ಲ. ಯಾರು ಬೇಕಾದರೂ ಒಳಗೆ ಬರಬಹುದು, ಅರ್ಧ ದರಕ್ಕೆ ಮಾಡಿಕೊಡುತ್ತೇನೆ ಎನ್ನಬಹುದು.

ಅಕ್ಷರದ ಕಾಲು ಕತ್ತರಿಸುವ ಗುಂಡಿ

ಜಾಲತಾಣ ಮಾಡುವುದು ಎಂದರೆ ಬಣ್ಣ ಹಚ್ಚುವುದು ಎಂದು ತಿಳಿದವರಿದ್ದಾರೆ. ಬಣ್ಣ ಹಚ್ಚುವ ಭಾಗ ಬಹಳ ಚಿಕ್ಕದು. ಗಿರಾಕಿಗೆ ನಿಜಕ್ಕೂ ಏನು ಬೇಕು ಎಂದು ಅವರ ಬಾಯಿಂದಲೇ ಹೊರಡಿಸುವುದಕ್ಕೆ ಒಂದಷ್ಟು ದಿನ ಹೋಗುತ್ತದೆ. ಆಮೇಲೆ ಪುಟಕ್ಕೆ ಬೇಕಾದ ಬರಹ, ಫೋಟೊ ಕೇಳುತ್ತೇವೆ. ಅದು ಬರುವುದಿಲ್ಲ. ಬೆಂಗಳೂರಿನ ಗಿರಾಕಿಯಾಗಲಿ ಬರ್ಲಿನ್ನಿನ ಗಿರಾಕಿಯಾಗಲಿ, ‘ಈ ವಾರ ಕಳಿಸಿಬಿಡ್ತೀನಿ’ ಎಂಬ ಮಾತಿನಲ್ಲಿ ವ್ಯತ್ಯಾಸವಿಲ್ಲ. ಜಾಲತಾಣಗಳು ತಡವಾಗುವುದು ಕೋಡ್‌ನಿಂದಲ್ಲ, ‘ನಮ್ಮ ಬಗ್ಗೆ’ ಎಂಬ ಪುಟಕ್ಕೆ ಬೇಕಾದ ನಾಲ್ಕು ಸಾಲು ಬಾರದ್ದರಿಂದ. ಈ ಕಾರಣಕ್ಕೇ ಅನುಭವಿಗಳ ಕರಾರಿನಲ್ಲಿ ‘ಬರಹ ಬಂದ ದಿನದಿಂದ ಇಷ್ಟು ವಾರ’ ಎಂದಿರುತ್ತದೆ, ಇಂಥ ತಾರೀಕು ಎಂದಿರುವುದಿಲ್ಲ.

ಕಟ್ಟುವ ಕೆಲಸದ ಸ್ವರೂಪವೂ ಬದಲಾಗುತ್ತಾ ಬಂದಿದೆ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟಾಗ, ಪುಟದ ಹೂರಣ ಒಂದು ಕಡೆ, ಅದರ ಅಲಂಕಾರ ಇನ್ನೊಂದು ಕಡೆ ಎಂದು ಬೇರೆಯಾಯಿತು. 2003ರಲ್ಲಿ ಅಮೆರಿಕದ ಮ್ಯಾಟ್ ಮಲ್ಲೆನ್‌ವೆಗ್, ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ ವರ್ಡ್‌ಪ್ರೆಸ್ ಹೊರತಂದರು. ಕೋಡ್ ಬಾರದ ಗಿರಾಕಿಯೂ ತನ್ನ ಪುಟವನ್ನು ತಾನೇ ತಿದ್ದಿಕೊಳ್ಳುವಂತಾಯಿತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಐದಕ್ಕೆ ಎರಡರಷ್ಟು ಅದರ ಮೇಲೆಯೇ ನಿಂತಿವೆ; ಸ್ವತಂತ್ರವಾಗಿ ದುಡಿಯುವವರಲ್ಲಿ ಬಹಳಷ್ಟು ಮಂದಿಯ ಹೊಟ್ಟೆಪಾಡೂ ಅದರ ಮೇಲೆಯೇ. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ಡಿಸೈನರ್ ಒಂದು ಲೇಖನ ಬರೆದು, ಮೊಬೈಲಿಗೊಂದು ಕಂಪ್ಯೂಟರಿಗೊಂದು ಎಂದು ಎರಡು ತಾಣ ಕಟ್ಟುವುದು ಬೇಡ, ಪರದೆಗೆ ತಕ್ಕಂತೆ ಹಿಗ್ಗುವ ಕುಗ್ಗುವ ಒಂದೇ ಪುಟ ಸಾಕು ಎಂದ. ಆ ಒಂದು ಲೇಖನದಿಂದ ನಮ್ಮ ಕಸುಬಿನವರೆಲ್ಲ ಮತ್ತೆ ಶಾಲೆಗೆ ಹೋಗಬೇಕಾಯಿತು.

ಕನ್ನಡದ ಜಾಲತಾಣ ಮಾಡುವಾಗಿನ ಪಾಡು ಬೇರೆಯೇ. ಇಂಗ್ಲಿಷಿಗೆಂದು ಮಾಡಿದ ಸಿದ್ಧ ವಿನ್ಯಾಸದಲ್ಲಿ ಕನ್ನಡ ಸುರಿದರೆ ಮೊದಲು ಏಟು ಬೀಳುವುದು ಒತ್ತಕ್ಷರಕ್ಕೆ. ಸಾಲಿಂದ ಸಾಲಿಗೆ ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಸ್ವಾತಂತ್ರ್ಯ’ ಎಂದು ಒಂದು ಗುಂಡಿಯ ಮೇಲೆ ಬರೆಯಿರಿ, ಕೊನೆಯ ಅಕ್ಷರದ ಎರಡು ಒತ್ತುಗಳಲ್ಲಿ ಒಂದಾದರೂ ಕತ್ತರಿಸಿ ಹೋಗಿರುತ್ತದೆ. ಅಕ್ಷರಗಳ ನಡುವೆ ಜಾಗ ಬಿಟ್ಟು ಶೀರ್ಷಿಕೆಗೆ ಠೀವಿ ಕೊಡುವ ಇಂಗ್ಲಿಷ್ ಚಾಳಿ ಕನ್ನಡದಲ್ಲಿ ಪದವನ್ನೇ ಚದುರಿಸುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬುದು ನಮಗಿಲ್ಲದ್ದರಿಂದ, ಎಲ್ಲ ದೊಡ್ಡಕ್ಷರದಲ್ಲೇ ಮೆರೆಯುವ ವಿನ್ಯಾಸ ಇಲ್ಲಿ ಸಪ್ಪೆ. ಫಾಂಟಿನಲ್ಲಿ ದಪ್ಪಕ್ಷರದ ಕಡತ ಇಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸಿ ತೋರಿಸುತ್ತದೆ. ಆಗ ಅಕ್ಷರದ ಹೊಟ್ಟೆಯೊಳಗಿನ ಬಿಳುಪೆಲ್ಲ ತುಂಬಿ ಮಸಿ ಮೆತ್ತಿದಂತೆ ಕಾಣುತ್ತದೆ.

ಇದೆಲ್ಲಕ್ಕಿಂತ ಮೊದಲು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಕಾಲದ ಬಾಕಿ ತೀರಿಸಬೇಕು. ಶಾಲೆ, ಸಹಕಾರ ಸಂಘ, ಮಠ ಯಾರೇ ಆಗಲಿ, ಕೊಡುವ ಹಳೆಯ ಕಡತಗಳು ಯುನಿಕೋಡ್‌ನಲ್ಲಿ ಇರುವುದು ಅಪರೂಪ. ಆ ಕಡತಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರಿವರ್ತಕಗಳಿವೆ, ಅರ್ಕಾವತ್ತು ಬಂದಲ್ಲೆಲ್ಲ ಅವುಗಳ ಮೇಲೆ ಕಣ್ಣಿಟ್ಟಿರಬೇಕು. ಇದಕ್ಕೆ ಪ್ರತ್ಯೇಕ ದುಡ್ಡು ಕೊಡುವ ಗಿರಾಕಿ ಸಿಕ್ಕರೆ ಅವರನ್ನು ಬಿಡಬೇಡಿ.

ಇತ್ತೀಚೆಗೆ ಕೇಳಿಬರುತ್ತಿರುವ ಇನ್ನೊಂದು ಬೇಡಿಕೆ ಸುಗಮ್ಯತೆಯದು. ದೃಷ್ಟಿ ಇಲ್ಲದವರು ಪರದೆಯೋದುಕ ತಂತ್ರಾಂಶದಿಂದ ಪುಟ ಕೇಳಿಸಿಕೊಳ್ಳುವಂತಿರಬೇಕು, ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದಲೇ ಎಲ್ಲ ಮಾಡುವಂತಿರಬೇಕು, ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಬಣ್ಣದ ಅಂತರ ಇರಬೇಕು. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯಡಿ ಬರುವ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಅದೇ ವರ್ಷ ಜೂನ್ 28ರಿಂದ ಯುರೋಪಿನ ಸುಗಮ್ಯತಾ ಕಾಯ್ದೆಯೂ ಜಾರಿಗೆ ಬಂತು. ಯುರೋಪಿನ ಅಂಗಡಿಗಳಿಗೆ ಇಲ್ಲಿಂದ ಕೆಲಸ ಮಾಡಿಕೊಡುವವರು ಇದನ್ನು ಕಲಿಯದೆ ವಿಧಿಯಿಲ್ಲ. ಕಾನೂನಿನ ಭಯಕ್ಕೇ ಆಗಲಿ, ಆಗಬೇಕಾದ್ದು ಆಗುತ್ತಿದೆ.

‘ಯಾವ ಕಂಪನಿ?’

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೇಳಿದರೆ ಮಾಲೀಕರ ಮೊದಲ ಪ್ರಶ್ನೆ ಇದು. ಕಂಪನಿ ಇಲ್ಲ, ನಾನೇ ಎಂದರೆ ಅವರ ಮುಖದ ಮೇಲೊಂದು ಅನುಮಾನ ಹಾದುಹೋಗುತ್ತದೆ. ಮದುವೆ ಮಾತುಕತೆಯಲ್ಲಿ ‘ಹುಡುಗ ಮನೆಯಲ್ಲೇ ಇರ್ತಾನೆ’ ಎಂಬ ವರ್ಣನೆ ಹೇಗೆ ಕೇಳಿಸಬಹುದೋ ಊಹಿಸಿಕೊಳ್ಳಿ. ಸಾಲ ಕೊಡುವ ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಅದಿಲ್ಲದ ನಮಗೆ ಮೂರು ವರ್ಷದ ಆದಾಯ ತೆರಿಗೆ ವಿವರವೇ ಗತಿ. ಈ ಕಸುಬಿಗೆ ಇಳಿಯುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಕೋಡ್ ಬಗ್ಗೆ ಅಲ್ಲ: ಗಳಿಕೆ ಕಡಿಮೆ ಇದ್ದ ವರ್ಷವೂ ರಿಟರ್ನ್ಸ್ ಸಲ್ಲಿಸಿ.

ಕೆಲಸ ಹುಡುಕುವ ದಾರಿ ಎರಡು. ಒಂದು, ಆನ್‌ಲೈನ್ ಸಂತೆ. 1999ರ ಇಲಾನ್ಸ್, 2003ರ ಓಡೆಸ್ಕ್ ಎಂಬ ಎರಡು ತಾಣಗಳು ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಫೈವರ್ 2010ರಿಂದ ಇದೆ. ಅಲ್ಲಿ ಕೆಲಸ ಸಿಗುತ್ತದೆ, ಪ್ರತಿ ಸಂಪಾದನೆಯಲ್ಲೂ ತಾಣಕ್ಕೊಂದು ಪಾಲು ಹೋಗುತ್ತದೆ. ಲಾಹೋರಿನವರು, ಮನಿಲಾದವರು, ಕೀವ್‌ನವರು ಎಲ್ಲರೂ ಅದೇ ಕೆಲಸಕ್ಕೆ ಕೈಯೆತ್ತಿರುತ್ತಾರೆ. ಎರಡನೆಯದು ಹಳೆಯ ಗಿರಾಕಿಯ ಬಾಯಿಮಾತು. ನಿಧಾನದ ದಾರಿ ಇದು, ಆದರೆ ಬಾಳಿಕೆಯದು. ಸಂತೆಯಿಂದ ಶುರುಮಾಡಿ ಬಾಯಿಮಾತಿಗೆ ದಾಟಿಕೊಂಡವರು ಉಳಿಯುತ್ತಾರೆ; ಸಂತೆಯಲ್ಲೇ ಉಳಿದವರು ದರ ಇಳಿಸುತ್ತಾ ಇಳಿಸುತ್ತಾ ಕೊನೆಗೆ ನೌಕರಿಗೆ ಸೇರುತ್ತಾರೆ.

ದುಡ್ಡಿನ ವಿಷಯದಲ್ಲಿ ಸಂಕೋಚ ಪಟ್ಟರೆ ಕೆಟ್ಟಿರಿ. ಶುರುವಿಗೆ ಮೊತ್ತದ ಅರ್ಧ, ಇಲ್ಲವೇ ಮೂರನೇ ಒಂದು ಮುಂಗಡ. ಮಧ್ಯೆ ಒಂದು ಕಂತು. ತಾಣ ಬಹಿರಂಗವಾಗುವ ಮೊದಲು ಉಳಿದದ್ದು. ಬಹಿರಂಗವಾದ ಮೇಲೆ ಗಿರಾಕಿಯ ಅವಸರ ಮುಗಿದಿರುತ್ತದೆ, ಫೋನೂ ಎತ್ತುವುದಿಲ್ಲ. ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕಿನವರು ಉದ್ದೇಶದ ಸಂಕೇತ ಕೇಳುತ್ತಾರೆ. ಸಾಫ್ಟ್‌ವೇರ್ ಸಲಹೆಯ ಕೆಲಸಕ್ಕೆ ಪಿ0802. ಹಣ ಒಳಬಂದ ಪತ್ರವನ್ನು ಆಯಾ ಬಿಲ್ಲಿನ ಜತೆ ಜೋಡಿಸಿಡಬೇಕು. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಅದು ದಾಟಿ ನೋಂದಣಿ ಆದವರು ವರ್ಷಕ್ಕೊಮ್ಮೆ ಒಂದು ಮುಚ್ಚಳಿಕೆ ಸಲ್ಲಿಸಿದರೆ ರಫ್ತಿನ ಸೇವೆಗೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಕಾನೂನು ಪಟ್ಟಿ ಮಾಡಿದ ವೃತ್ತಿಗಳಲ್ಲಿ ತಾಂತ್ರಿಕ ಸಲಹೆಯೂ ಒಂದು. ಆ ಪಟ್ಟಿಯೊಳಗೆ ಬರುವವರು ಒಟ್ಟು ಗಳಿಕೆಯ ಅರ್ಧವನ್ನೇ ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ ಅಂದಾಜು ಪದ್ಧತಿಯನ್ನು ಆಯ್ದುಕೊಳ್ಳಬಹುದು. ಮಿತಿ 50 ಲಕ್ಷ. ನಗದಿನ ಪಾಲು ನೂರಕ್ಕೆ ಐದನ್ನು ಮೀರದಿದ್ದರೆ 75 ಲಕ್ಷ. ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಹಿಡಿಯಿರಿ, ಅವರ ಫೀಸಿನಲ್ಲಿ ಚೌಕಾಸಿ ಮಾಡಬೇಡಿ.

ಗಡಿಯಾರ, ಸುರಂಗ, ವೀಸಾ

ನಮ್ಮ ಗಡಿಯಾರ ಲಂಡನ್ನಿಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದೆ. ನ್ಯೂಯಾರ್ಕಿಗೆ ಹತ್ತೂವರೆ, ಇಲ್ಲವೇ ಒಂಬತ್ತೂವರೆ. ಭಾರತದಲ್ಲಿ ಗಡಿಯಾರ ಅಲುಗುವುದಿಲ್ಲ, ಅವರ ಗಡಿಯಾರಗಳು ವರ್ಷಕ್ಕೆರಡು ಸಲ ಅಲುಗುತ್ತವೆ. ಅದೂ ಒಂದೇ ದಿನವಲ್ಲ. ಅಮೆರಿಕದವರು ಮಾರ್ಚಿನ ಎರಡನೇ ಭಾನುವಾರ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡೂ ಕಡೆ ಗಿರಾಕಿಗಳಿದ್ದವನ ಸಭೆಗಳು ಒಂದರ ಮೇಲೊಂದು ಬೀಳುತ್ತವೆ. ಸಂಜೆ ಊಟದ ಹೊತ್ತಿಗೆ ಬಾಸ್ಟನ್ನಿನವರು ಕಾಫಿ ಹಿಡಿದು ಪರದೆಯ ಮೇಲೆ ಬಂದು ಕೂರುತ್ತಾರೆ. ನಮ್ಮವರು ಪೂರ್ವಕ್ಕೆ ಬಾಲಿಗೆ ಹೋದರೆ ಈ ಸಭೆ ಇನ್ನೂ ರಾತ್ರಿಗೆ ಸರಿಯುತ್ತದೆ, ಪಶ್ಚಿಮಕ್ಕೆ ಜಾರ್ಜಿಯಾಕ್ಕೋ ಪೋರ್ಚುಗಲ್ಲಿಗೋ ಹೋದರೆ ಹಗಲಿಗೆ ಬರುತ್ತದೆ. ಊರು ಆರಿಸುವಾಗ ಸಮುದ್ರ ನೋಡುವುದಕ್ಕಿಂತ ರೇಖಾಂಶ ನೋಡುವುದು ಜಾಣತನ.

ದೇಶದೊಳಗಿನ ತಿರುಗಾಟಕ್ಕೆ ಅಡ್ಡಿ ಬೇರೆ ಬಗೆಯದು. ಬೆಂಗಳೂರಿನಿಂದ ಕಾರವಾರ, ಮಂಗಳೂರು ಕಡೆ ಹೋಗುವ ರೈಲು ಸಕಲೇಶಪುರ ದಾಟಿ ಸುಬ್ರಹ್ಮಣ್ಯದವರೆಗೆ ಘಟ್ಟ ಇಳಿಯುವ ದಾರಿಯಲ್ಲಿ 57 ಸುರಂಗಗಳಿವೆ. ಅಷ್ಟುದ್ದಕ್ಕೂ ಫೋನು ಸತ್ತಿರುತ್ತದೆ. ಗಿರಾಕಿಯ ಸರ್ವರ್ ಬೀಳುವುದು ಆಗಲೇ ಎಂಬ ನಂಬಿಕೆ ನಮ್ಮವರಲ್ಲಿದೆ, ಪುರಾವೆ ಕೇಳಬೇಡಿ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿಗೆ ಮರಳಿದ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಟಾರ್ಪಾಲಿನ ಗುಡಿಸಲಲ್ಲಿ ಕೂತು ಕೆಲಸ ಮಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಮೇಲೆ ಎಷ್ಟೋ ಹಳ್ಳಿಗೆ ಫೈಬರ್ ಬಂತು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಮಾತ್ರ ಹಾಗೇ ಇದೆ. ಇನ್ವರ್ಟರ್, ಎರಡು ಬೇರೆ ಕಂಪನಿಯ ಸಿಮ್, ಕೆಲಸದ ಪ್ರತಿ ಗಂಟೆಯ ನಕಲು ದೂರದ ಸರ್ವರ್‌ನಲ್ಲಿ. ಇಷ್ಟಿಲ್ಲದೆ ಊರಿನಿಂದ ಕೆಲಸ ಮಾಡುತ್ತೇನೆನ್ನುವುದು ಹುಂಬತನ. ಕೆಲವೊಮ್ಮೆ ಇಷ್ಟಿದ್ದರೂ ಸಾಲದು: 2024ರ ಫೆಬ್ರುವರಿಯಲ್ಲಿ ಕೆಂಪು ಸಮುದ್ರದ ತಳದಲ್ಲಿ ಕೇಬಲ್‌ಗಳು ತುಂಡಾದಾಗ ಏಷ್ಯಾ ಮತ್ತು ಯುರೋಪಿನ ನಡುವಿನ ಸಂಪರ್ಕಕ್ಕೆ ಪೆಟ್ಟು ಬಿತ್ತು.

ಹೊರದೇಶದ ಮಾತಿಗೆ ಬಂದರೆ, ಥಾಯ್ಲೆಂಡಿನ ಚಿಯಾಂಗ್ ಮಾಯ್ ಈ ಬಳಗದ ಹಳೆಯ ರಾಜಧಾನಿ. ಅಗ್ಗದ ಬಾಡಿಗೆ, ನಿಮ್ಮಾನ್‌ಹೇಮಿನ್ ರಸ್ತೆಯ ಕಾಫಿ ಅಂಗಡಿಗಳು, ವೇಗದ ಇಂಟರ್ನೆಟ್. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ ತುಂಬುತ್ತದೆ. ಆಗ ಲ್ಯಾಪ್‌ಟಾಪ್ ಮಂದಿ ದಕ್ಷಿಣದ ದ್ವೀಪಗಳಿಗೆ ಗುಳೆ ಹೋಗುತ್ತಾರೆ. ಇವರಲ್ಲಿ ಬಹುತೇಕರು ವರ್ಷಗಟ್ಟಲೆ ಪ್ರವಾಸಿ ವೀಸಾದ ಮೇಲೆಯೇ ಕಾಲ ಹಾಕಿದವರು. ಪ್ರವಾಸಿ ವೀಸಾ ಕೆಲಸಕ್ಕಲ್ಲ. ಆದರೆ ಅಲ್ಲಿ ಕೂತು ಇನ್ನೊಂದು ದೇಶದ ಗಿರಾಕಿಗೆ ಮಾಡುವುದು ಕೆಲಸವೇ ಅಲ್ಲವೇ ಎಂಬುದಕ್ಕೆ ಹಳೆಯ ಕಾನೂನುಗಳಲ್ಲಿ ನೇರ ಉತ್ತರವಿರಲಿಲ್ಲ.

ಉತ್ತರ ಬರತೊಡಗಿದ್ದು ಕೋವಿಡ್ ಕಾಲದಲ್ಲಿ. 2020ರ ಆಗಸ್ಟಿನಲ್ಲಿ ಎಸ್ಟೋನಿಯಾ ಇಂಥವರಿಗೆಂದೇ ವೀಸಾ ಶುರುಮಾಡಿತು. ತಿಂಗಳಿಗೆ 3,504 ಯೂರೊ ಗಳಿಕೆ ತೋರಿಸಬೇಕಿತ್ತು. ಪೋರ್ಚುಗಲ್ 2022ರಲ್ಲಿ, ಥಾಯ್ಲೆಂಡ್ 2024ರ ಜುಲೈನಲ್ಲಿ. ಥಾಯ್ಲೆಂಡಿನದು ಐದು ವರ್ಷದ ವೀಸಾ, ಒಮ್ಮೆ ಹೋದರೆ 180 ದಿನ ಇರಬಹುದು, ಬ್ಯಾಂಕಿನಲ್ಲಿ 5 ಲಕ್ಷ ಬಾಟ್ ತೋರಿಸಬೇಕು. ಅದೇ ವರ್ಷ ಜಪಾನೂ ಬಾಗಿಲು ತೆರೆಯಿತು. ವಾರ್ಷಿಕ 1 ಕೋಟಿ ಯೆನ್ ಗಳಿಕೆ ಇರಬೇಕು. ಜತೆಗೆ ಆ ದೇಶದೊಡನೆ ವೀಸಾ ವಿನಾಯಿತಿ, ತೆರಿಗೆ ಒಪ್ಪಂದ ಎರಡೂ ಇರುವ ದೇಶದವರಾಗಿರಬೇಕು. ಭಾರತೀಯರು ಆ ಪಟ್ಟಿಯಲ್ಲಿಲ್ಲ. ಅಲೆಮಾರಿ ಬದುಕಿನ ಹೊಗಳಿಕೆಯಲ್ಲಿ ಬಹಳಷ್ಟು ಬರುವುದು ಜರ್ಮನಿ, ನೆದರ್ಲೆಂಡ್ಸ್, ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಂದ. ಅವರು ಶುಕ್ರವಾರ ಮನಸ್ಸು ಮಾಡಿ ಶನಿವಾರ ಹೊರಡುತ್ತಾರೆ. ನಮ್ಮವರು ವೀಸಾ ಅರ್ಜಿಯ ಜತೆ ಆರು ತಿಂಗಳ ಬ್ಯಾಂಕ್ ಪಟ್ಟಿ, ಹೋಟೆಲ್ ಕಾಯ್ದಿರಿಸಿದ ಪತ್ರ, ಮರಳುವ ಟಿಕೆಟ್ ಎಲ್ಲ ಹಿಡಿದು ಕಾಯಬೇಕು. ಅಲ್ಲಿಯೂ ಸಂಬಳದ ಚೀಟಿ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ.

ವೀಸಾ ಸಿಕ್ಕಿತು, ಹೋದಿರಿ ಎನ್ನಿ. ಹಣ ವರ್ಗಾಯಿಸಲು ಕೂತರೆ ಒಟಿಪಿ ಬರುವುದು ಇಲ್ಲಿನ ಸಿಮ್ಮಿಗೆ. ರೋಮಿಂಗ್ ಚಾಲೂ ಮಾಡದೆ ಹೋದವರು ಪರದೇಶದಲ್ಲಿ ಕೂತು ತಮ್ಮದೇ ದುಡ್ಡು ಮುಟ್ಟಲಾಗದೆ ಒದ್ದಾಡಿದ್ದುಂಟು. ತೆರಿಗೆಯ ಲೆಕ್ಕವೂ ಬೆನ್ನು ಬಿಡುವುದಿಲ್ಲ. ಆ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ, ಎಲ್ಲಿ ಗಳಿಸಿದರೂ ತೆರಿಗೆ ಇಲ್ಲಿಯೇ.

ಇಷ್ಟಾದರೂ ತಿರುಗಾಟದಿಂದ ಲಾಭವಿಲ್ಲ ಎನ್ನಲಾರೆ. ನನ್ನ ಎಣಿಕೆಯಲ್ಲಿ ಹೆಚ್ಚು ಫಲ ಕೊಡುವುದು ಕಡಲತೀರದ ವಾಸಕ್ಕಿಂತ ಸಮ್ಮೇಳನದ ಪಯಣ. ವರ್ಡ್‌ಪ್ರೆಸ್ ಬಳಗದ ಏಷ್ಯಾ ಮಟ್ಟದ ಕೂಟ 2023ರಲ್ಲಿ ಬ್ಯಾಂಕಾಕಿನಲ್ಲಿ, 2024ರಲ್ಲಿ ತೈಪೆಯಲ್ಲಿ, 2025ರಲ್ಲಿ ಮನಿಲಾದಲ್ಲಿ ನಡೆಯಿತು. ಸ್ವಯಂಸೇವಕರು ನಡೆಸುವ ಕೂಟ, ಟಿಕೆಟ್ ಕೈಗೆಟುಕುವಂತಿರುತ್ತದೆ. ಬೆಂಗಳೂರಿನಲ್ಲೇ ಹ್ಯಾಸ್‌ಗೀಕ್‌ನವರು 2011ರಿಂದ ಜಾವಾಸ್ಕ್ರಿಪ್ಟ್ ಬಳಸುವವರಿಗಾಗಿ ನಡೆಸಿದ ಜೆಎಸ್‌ಫೂ ಸಮ್ಮೇಳನಗಳು ಎಷ್ಟೋ ಮಂದಿಗೆ ಕಸುಬಿನ ದಿಕ್ಕು ತೋರಿಸಿದವು. ಒಂಟಿಯಾಗಿ ದುಡಿಯುವವನಿಗೆ ಪಕ್ಕದ ಮೇಜಿನ ಸಹೋದ್ಯೋಗಿ ಇರುವುದಿಲ್ಲ. ತನ್ನ ದರ ಕಡಿಮೆಯೋ ಹೆಚ್ಚೋ, ತನ್ನ ವಿಧಾನ ಹಳೆಯದೋ ಹೊಸದೋ ಎಂದು ಗೊತ್ತಾಗುವುದು ಇಂಥ ಕೂಟದ ಊಟದ ಸಾಲಿನಲ್ಲಿ.

ಕಟ್ಟಿದ್ದನ್ನು ಕಾಯುವ ಕೆಲಸ

ಈಗ ಇಡೀ ವಿಷಯದ ಗಂಟು ಇರುವ ಜಾಗಕ್ಕೆ ಬರುತ್ತೇನೆ. ಜಾಲತಾಣ ಕಟ್ಟಿ ಕೊಟ್ಟರೆ ಮುಗಿಯುವುದಿಲ್ಲ. ಡೊಮೇನ್ ಹೆಸರಿಗೆ ವರ್ಷವರ್ಷವೂ ಹಣ ಕಟ್ಟಬೇಕು. ಮರೆತರೆ ತಾಣ ಮಾಯ. ಸಾಮಾನ್ಯ ಗಡುವು ಮೀರಿದ ಮೇಲೆ ಡಾಟ್ ಕಾಮ್‌ನಂಥ ಹೆಸರುಗಳಿಗೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ವಿಳಾಸದ ಪಕ್ಕ ಬೀಗದ ಗುರುತು ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೂ ಆಯುಷ್ಯವಿದೆ. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಪುಕ್ಕಟೆ ಕೊಡತೊಡಗಿತು, 90 ದಿನಕ್ಕೊಮ್ಮೆ ಹೊಸದು ಮಾಡುತ್ತಿರಬೇಕೆಂಬ ಷರತ್ತಿನ ಮೇಲೆ. ಪ್ರಮಾಣಪತ್ರ ಕೊಡುವ ಎಲ್ಲರೂ 2029ರ ಹೊತ್ತಿಗೆ ಈ ಅವಧಿಯನ್ನು 47 ದಿನಕ್ಕೆ ಇಳಿಸಬೇಕೆಂದು ಈಗ ತೀರ್ಮಾನವಾಗಿದೆ. ವರ್ಡ್‌ಪ್ರೆಸ್ಸಿಗೆ ಜೋಡಿಸಿದ ಪ್ಲಗಿನ್‌ಗಳಲ್ಲಿ ತೂತು ಪತ್ತೆಯಾದ ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಕಳ್ಳ ತಂತ್ರಾಂಶಗಳು ತಾಣದಿಂದ ತಾಣಕ್ಕೆ ಬಾಗಿಲು ತಟ್ಟಿ ನೋಡುತ್ತವೆ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಬೋರ್ಡೊ ದ್ರಾವಣ ಹೊಡೆಯದೆ ಊರು ಬಿಟ್ಟ ತೋಟಿಗನ ಪಾಡೇ ಆ ಹೊತ್ತಿಗೆ ಅಪ್‌ಡೇಟ್ ಹಾಕದವನದು. ಕೊಳೆರೋಗ ಬಂದ ಮೇಲೆ ಔಷಧಿಯಿಲ್ಲ.

ಹೊಸ ತಾಣ ಕಟ್ಟಿದ್ದಕ್ಕೆ ದೊಡ್ಡ ಮೊತ್ತ ಬರುತ್ತದೆ, ಒಮ್ಮೆ. ಕಾಯುವ ಕೆಲಸಕ್ಕೆ ಸಣ್ಣ ಮೊತ್ತ ಬರುತ್ತದೆ, ತಿಂಗಳು ತಿಂಗಳು. ಬಾಡಿಗೆ, ಕಿರಾಣಿ, ವಿಮಾನದ ಟಿಕೆಟ್ ನಡೆಯುವುದು ಎರಡನೆಯದರಿಂದ. ಹೊಸಬರು ಇದನ್ನು ತಿಳಿಯದೆ ಹೊಸ ಕೆಲಸದ ಬೆನ್ನು ಹತ್ತಿ ಸುಸ್ತಾಗುತ್ತಾರೆ. ಹಳಬರು ಹತ್ತು ಹದಿನೈದು ತಾಣಗಳನ್ನು ಕಾಯುತ್ತಾ, ವರ್ಷಕ್ಕೆ ನಾಲ್ಕೈದು ಹೊಸದು ಕಟ್ಟುತ್ತಾ, ಒಲ್ಲದ ಗಿರಾಕಿಗೆ ಬೇಡ ಎನ್ನುತ್ತಾರೆ. ಬೇಡ ಎನ್ನುವ ಈ ಶಕ್ತಿಯೇ ನಮ್ಮ ಕಸುಬಿನ ನಿಜವಾದ ಸಂಪಾದನೆ, ಬಾಲಿಯ ಮನೆಯಲ್ಲ. ಹೀಗೆ ಕಾಯುವವರು ಹೊರಡುವ ಮುಂಚೆ ಇನ್ನೊಬ್ಬ ಕಸುಬುದಾರರ ಜತೆ ಒಪ್ಪಂದ ಮಾಡಿಕೊಂಡಿರುತ್ತಾರೆ: ನೀನು ಹೋದಾಗ ನಿನ್ನ ತಾಣ ನಾನು ನೋಡಿಕೊಳ್ಳುತ್ತೇನೆ, ನಾನು ಹೋದಾಗ ನನ್ನದನ್ನು ನೀನು. 1983ರಲ್ಲಿ ಒಹಾಯೊದಲ್ಲಿ ಕುರ್ಚಿಯ ಮೇಲಿದ್ದವರ ಕೆಲಸ ಈಗ ಹೀಗೆ ನಡೆಯುತ್ತಿದೆ.

ಕೃತಕ ಬುದ್ಧಿಮತ್ತೆ ಬಂತಲ್ಲ, ನಿಮ್ಮ ಕತೆ ಏನು ಎಂದು ಕೇಳುವವರಿಗೆ ಕಡಿಮೆಯಿಲ್ಲ. ಕೋಡ್ ಬಾರದವರೂ ತಾವೇ ತಾಣ ಕಟ್ಟಿಕೊಳ್ಳಬಹುದಾದ ವಿಕ್ಸ್, ಸ್ಕ್ವೇರ್‌ಸ್ಪೇಸ್ ಬಂದಾಗಲೂ ಕೇಳಿದ್ದರು. ಐದು ಪುಟದ ಅಗ್ಗದ ತಾಣ ಮಾಡಿ ಬದುಕುತ್ತಿದ್ದವರ ಕೆಲಸ ಹೋಗುತ್ತಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಂತ್ರ ನಿಮಿಷದಲ್ಲಿ ಪುಟ ಬರೆದುಕೊಡುತ್ತದೆ, ನಾವೂ ಬರೆಸಿಕೊಳ್ಳುತ್ತೇವೆ. ಆದರೆ ಆ ಪುಟ ರಾತ್ರಿ ಹನ್ನೊಂದಕ್ಕೆ ಕೆಟ್ಟರೆ ಫೋನ್ ಮಾಡಲು ಗಿರಾಕಿಗೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಾಗಲು ಒಪ್ಪುವವರಿಗೆ ಸದ್ಯಕ್ಕಂತೂ ಕೆಲಸವಿದೆ.

ಓದುಗರಲ್ಲಿ ಅಂಗಡಿಯವರು, ಶಾಲೆ ನಡೆಸುವವರು, ಹೋಂಸ್ಟೇ ಇಟ್ಟವರು ಇರುತ್ತೀರಿ. ನಿಮ್ಮ ಜಾಲತಾಣವನ್ನೂ ಹೀಗೆ ಒಬ್ಬರೇ ಮಾಡಿಕೊಟ್ಟಿರಬಹುದು. ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ತಾಣದ ನಕಲು ಎಲ್ಲಿದೆ ಎಂದು ಈ ವಾರವೇ ಕೇಳಿ ತಿಳಿದುಕೊಳ್ಳಿ. ಹೆಸರು ನಿಮ್ಮದಲ್ಲದಿದ್ದರೆ ನಿಮ್ಮ ಹೆಸರಿಗೆ ಬದಲಿಸಿಕೊಡಲು ಹೇಳಿ. ಒಳ್ಳೆಯ ಕಸುಬುದಾರರು ಇದಕ್ಕೆ ಬೇಸರಪಡುವುದಿಲ್ಲ. ಅವರಿಗೆ ಕೊಡಬೇಕಾದ ಬಾಕಿ ಏನಾದರೂ ಇದ್ದರೆ ಅದನ್ನೂ ಅದೇ ದಿನ ಕೊಟ್ಟುಬಿಡಿ.